ಡ್ರಾಫ್ಟ್ ಫೋಲ್ಡರಿನಲ್ಲಿ ಉಳಿದ ಗುಟ್ಟು

2012ರ ದೀಪಾವಳಿಗೆ ಇನ್ನು ಮೂರ್ನಾಲ್ಕು ದಿನ ಬಾಕಿ ಇತ್ತು. ಆಗ ನಾನು ಅಂಧೇರಿಯ ಒಂದು ಕಂಪನಿಯಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಅಮೆರಿಕದ ಗ್ರಾಹಕರ ಮೇಲ್ ಸರ್ವರ್‌ಗಳು ನಿಲ್ಲದಂತೆ ನೋಡಿಕೊಳ್ಳುವುದು ಕೆಲಸ. ಶುಕ್ರವಾರ ನಡುರಾತ್ರಿ ಕಳೆದು ಒಂದೂವರೆ, ಎರಡು ಗಂಟೆ ಆಗಿರಬೇಕು. ಅಲ್ಲಿ ಅದು ನವೆಂಬರ್ 9ರ ಮಧ್ಯಾಹ್ನ. ಕ್ಯಾಂಟೀನಿನ ಟಿವಿಯಲ್ಲಿ ಸುದ್ದಿ ಓಡತೊಡಗಿತು: ಸಿಐಎ ನಿರ್ದೇಶಕ ಡೇವಿಡ್ ಪೆಟ್ರೇಯಸ್ ರಾಜೀನಾಮೆ, ಕಾರಣ ವಿವಾಹೇತರ ಸಂಬಂಧ.

ಮುಂದಿನ ಒಂದು ವಾರ ನಮ್ಮ ಚಹಾದ ಜೊತೆಗೆ ಬೇರೆ ಚಕ್ಕುಲಿ ಬೇಕಾಗಲಿಲ್ಲ. ದಿನಕ್ಕೊಂದು ವಿವರ ಹೊರಬೀಳುತ್ತಿತ್ತು. ಇಬ್ಬರೂ ಒಂದೇ ಜಿಮೇಲ್ ಖಾತೆಯ ಪಾಸ್‌ವರ್ಡ್ ಹಂಚಿಕೊಂಡಿದ್ದರಂತೆ, ಪತ್ರ ಬರೆದು ಕಳುಹಿಸದೆ ಡ್ರಾಫ್ಟ್‌ನಲ್ಲೇ ಇಡುತ್ತಿದ್ದರಂತೆ ಎಂದು ತಿಳಿದ ದಿನ ಪಕ್ಕದ ಸೀಟಿನ ಗೆಳೆಯ, "ಲೋಕದವರ ಫೋನ್ ಕದ್ದು ಕೇಳುವ ಮನುಷ್ಯನಿಗೆ ತನ್ನ ಒಂದು ಮೇಲ್ ಅಡಗಿಸಿಡಲಿಕ್ಕೆ ಬರಲಿಲ್ಲವಲ್ಲ ಮಾರಾಯ!" ಎಂದ. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಈಗ ಆ ಕಥೆ ನೆನಪಾದರೆ ನನಗೆ ನಗು ಬರುವುದಿಲ್ಲ. ಯಾಕೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಆಗ ನಡೆದದ್ದೇನು ಎಂಬುದನ್ನು ಸ್ವಲ್ಪ ಸಾವಧಾನವಾಗಿ ನೋಡೋಣ. ನಾವೆಲ್ಲ ಕೇಳಿದ್ದು ಅರ್ಧ ಕಥೆ. ಹೆಚ್ಚು ಮುಖ್ಯವಾದ ಇನ್ನರ್ಧ ಹೊರಬರುವ ಹೊತ್ತಿಗೆ ನಮ್ಮ ಆಸಕ್ತಿ ಮುಗಿದಿತ್ತು.

ಯಾರು ಈ ಪೆಟ್ರೇಯಸ್?

ಆ ಕಾಲದ ಅಮೆರಿಕದಲ್ಲಿ ಇಷ್ಟು ಹೆಸರು ಮಾಡಿದ ಸೇನಾಧಿಕಾರಿ ಇನ್ನೊಬ್ಬರಿರಲಿಲ್ಲ. 1974ರಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಿಂದ ಹೊರಬಂದವರು. ಅದೇ ವರ್ಷ ಅಕಾಡೆಮಿಯ ಮುಖ್ಯಸ್ಥರ ಮಗಳು ಹಾಲಿಯವರನ್ನು ಮದುವೆಯಾದರು. ಪ್ರಿನ್ಸ್‌ಟನ್‌ನಲ್ಲಿ ಪಿಎಚ್‌ಡಿ ಮಾಡಿದರು. 2007ರಲ್ಲಿ ಇರಾಕ್ ಹೊತ್ತಿ ಉರಿಯುತ್ತಿದ್ದಾಗ ಅಲ್ಲಿನ ಪಡೆಗಳ ಹೊಣೆ ಹೊತ್ತರು. ಆಮೇಲೆ ಇಡೀ ಮಧ್ಯಪ್ರಾಚ್ಯವನ್ನು ನೋಡಿಕೊಳ್ಳುವ ಸೆಂಟ್ರಲ್ ಕಮಾಂಡ್, 2010ರಲ್ಲಿ ಅಫ್ಘಾನಿಸ್ತಾನ. 2011ರ ಆಗಸ್ಟ್ ಕೊನೆಗೆ ಸೇನೆಯಿಂದ ನಿವೃತ್ತರಾಗಿ ಸೆಪ್ಟೆಂಬರ್‌ನಲ್ಲಿ ಸಿಐಎ ನಿರ್ದೇಶಕರಾದರು. ಮುಂದೆ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಬಹುದು ಎಂದು ಜನ ಮಾತಾಡಿಕೊಳ್ಳುತ್ತಿದ್ದ ಮನುಷ್ಯ.

ಪೌಲಾ ಬ್ರಾಡ್‌ವೆಲ್ ಅವರ ಜೀವನಚರಿತ್ರೆ ಬರೆದವರು. ಅವರೂ ವೆಸ್ಟ್ ಪಾಯಿಂಟ್ ಪದವೀಧರೆ, ಸೇನೆಯ ಮೀಸಲು ಪಡೆಯ ಅಧಿಕಾರಿ, ವಿವಾಹಿತೆ. ಪುಸ್ತಕದ ಸಲುವಾಗಿ ಅಫ್ಘಾನಿಸ್ತಾನಕ್ಕೆ ಹಲವು ಬಾರಿ ಹೋಗಿ ಬಂದರು. 2012ರ ಜನವರಿಯಲ್ಲಿ ಪುಸ್ತಕ ಹೊರಬಂತು. ಪೆಟ್ರೇಯಸ್ ಸಿಐಎಗೆ ಬಂದ ಮೇಲೆ ಸಂಬಂಧ ಶುರುವಾಯಿತು, ಕೆಲವು ತಿಂಗಳ ನಂತರ ಮುಗಿಯಿತು ಎಂದು ಪೆಟ್ರೇಯಸ್ ಅವರ ಆಪ್ತರು ಪತ್ರಕರ್ತರಿಗೆ ಹೇಳಿದರು.

ಇಷ್ಟೇ ಆಗಿದ್ದರೆ ಅದು ಎರಡು ಮನೆಗಳ ದುಃಖ. ಅದು ಎಫ್‌ಬಿಐ ಕಡತದೊಳಗೆ ಹೋದದ್ದು ಹೇಗೆ?

ಮುಯ್ಯಿ ಪುಸ್ತಕದ ಲೆಕ್ಕ

ಇಲ್ಲಿ ಒಂದು ಮಾತು ಗಮನಿಸಿ. ಯಾರೂ ಪೆಟ್ರೇಯಸ್ ಅವರ ಸಂಬಂಧವನ್ನು ಹುಡುಕುತ್ತಿರಲಿಲ್ಲ.

ಫ್ಲಾರಿಡಾದ ಟ್ಯಾಂಪಾದಲ್ಲಿ ಸೆಂಟ್ರಲ್ ಕಮಾಂಡ್‌ನ ಮುಖ್ಯ ಕಚೇರಿ ಇದೆ. ಅಲ್ಲಿನ ಸೇನಾಧಿಕಾರಿಗಳಿಗೆ ಪರಿಚಿತರಾಗಿದ್ದ ಒಬ್ಬ ಮಹಿಳೆಗೆ 2012ರ ಬೇಸಿಗೆಯಲ್ಲಿ ಹೆಸರಿಲ್ಲದ ಇಮೇಲ್‌ಗಳು ಬರತೊಡಗಿದವು. ಆಕೆ ಸೇನಾಧಿಕಾರಿಗಳ ಜೊತೆ ಬೆರೆಯುವುದನ್ನು ಆಕ್ಷೇಪಿಸುವ, ಗದರಿಸುವ ಧಾಟಿಯ ಪತ್ರಗಳು. ಆಕೆ ತನಗೆ ಪರಿಚಯವಿದ್ದ ಎಫ್‌ಬಿಐ ಅಧಿಕಾರಿಗೆ ತಿಳಿಸಿದರು. ಆಕೆಯ ಹೆಸರು ಆಗ ಜಗತ್ತಿನ ಎಲ್ಲ ಪತ್ರಿಕೆಗಳಲ್ಲಿ ಬಂತು. ನಾನು ಇಲ್ಲಿ ಬರೆಯುವುದಿಲ್ಲ. ದೂರು ಕೊಟ್ಟದ್ದನ್ನು ಬಿಟ್ಟರೆ ಈ ಸಂಬಂಧದಲ್ಲಿ ಆಕೆಯ ಪಾತ್ರವೇನೂ ಇರಲಿಲ್ಲ.

ಇಂಥ ದೂರುಗಳು ಸಾಮಾನ್ಯವಾಗಿ ಹಾಗೇ ಬಿದ್ದಿರುತ್ತವೆ. ಆದರೆ ಆ ಪತ್ರ ಬರೆಯುತ್ತಿದ್ದವರಿಗೆ ದೊಡ್ಡ ಜನರಲ್‌ಗಳು ಎಲ್ಲಿ ಹೋಗುತ್ತಾರೆ, ಯಾವಾಗ ಬರುತ್ತಾರೆ ಎಂಬುದು ಗೊತ್ತಿತ್ತು. ಅದು ತನಿಖೆಯವರ ಕಿವಿ ನಿಮಿರಿಸಿತು.

ಪತ್ರದ ಮೇಲೆ ಸುಳ್ಳು ಹೆಸರು. ಹಾಗಾದರೆ ಬರೆದವರನ್ನು ಹುಡುಕುವುದು ಹೇಗೆ? ನಮ್ಮೂರ ಮದುವೆ ಮನೆಯ ಮುಯ್ಯಿ ಪುಸ್ತಕವನ್ನು ನೆನಪಿಸಿಕೊಳ್ಳಿ. ಮೂರು ಬೇರೆ ಬೇರೆ ಊರಿನ ಮೂರು ಮದುವೆಗಳಲ್ಲಿ ಯಾರೋ ಒಂದು ಅನಾಮಧೇಯ ಚೀಟಿ ಬಿಟ್ಟು ಹೋಗಿದ್ದಾರೆ ಎಂದಿಟ್ಟುಕೊಳ್ಳಿ. ಅಕ್ಷರದಿಂದ ಯಾರೆಂದು ಗೊತ್ತಾಗುವುದಿಲ್ಲ. ಆದರೆ ಮೂರೂ ಮನೆಯ ಮುಯ್ಯಿ ಪುಸ್ತಕ ತಂದು ಪಕ್ಕಪಕ್ಕ ಇಟ್ಟರೆ? ಮೂರರಲ್ಲೂ ಇರುವ ಹೆಸರುಗಳು ಕೆಲವೇ ಕೆಲವು. ಮದುವೆಗಳು ಐದಾದರೆ ಒಂದೇ ಹೆಸರು ಉಳಿಯಬಹುದು.

ಎಫ್‌ಬಿಐ ಮಾಡಿದ್ದು ಇದನ್ನೇ. ನಾವು ಮೇಲ್‌ಗೆ ಲಾಗಿನ್ ಆದ ಪ್ರತಿ ಸಲವೂ ಯಾವ ಐಪಿ ವಿಳಾಸದಿಂದ, ಎಷ್ಟು ಗಂಟೆಗೆ ಬಂದೆವು ಎಂಬುದು ಸರ್ವರ್‌ನಲ್ಲಿ ದಾಖಲಾಗುತ್ತದೆ. ಆ ಸುಳ್ಳು ಹೆಸರಿನ ಖಾತೆಗಳ ಐಪಿ ವಿಳಾಸಗಳು ಬೇರೆ ಬೇರೆ ಊರಿನ ಹೋಟೆಲ್‌ಗಳಿಗೆ ಸೇರಿದ್ದವು. ಆ ದಿನ ಆ ಹೋಟೆಲಿನಲ್ಲಿ ಯಾರ್ಯಾರು ತಂಗಿದ್ದರು ಎಂಬ ಪಟ್ಟಿಗಳನ್ನು ಹೋಲಿಸಿದಾಗ ಮತ್ತೆ ಮತ್ತೆ ಕಂಡ ಹೆಸರು ಪೌಲಾ ಬ್ರಾಡ್‌ವೆಲ್. ಪತ್ರದ ಒಳಗಿನ ಮಾತು ಆಕೆಯನ್ನು ಹಿಡಿದುಕೊಡಲಿಲ್ಲ. ಪತ್ರದ ಸುತ್ತ ಉಳಿದ ಹೆಜ್ಜೆಗುರುತು ಹಿಡಿದುಕೊಟ್ಟಿತು. ನಮ್ಮ ವೃತ್ತಿಯಲ್ಲಿ ಇದನ್ನು ಮೆಟಾಡೇಟಾ ಅನ್ನುತ್ತೇವೆ.

ಹೆಸರು ಸಿಕ್ಕ ಮೇಲೆ ಆಕೆಯ ಬೇರೆ ಖಾತೆಗಳನ್ನೂ ತೆರೆದು ನೋಡಿದರು. ಆಗ ಸಿಕ್ಕಿದ್ದು ಆ ಡ್ರಾಫ್ಟ್ ಫೋಲ್ಡರ್. ಇದು ಉಗ್ರರೂ ಬಳಸುತ್ತಿದ್ದ ಹಳೆಯ ಉಪಾಯ. ಒಬ್ಬರು ಬರೆದು ಉಳಿಸುತ್ತಾರೆ, ಇನ್ನೊಬ್ಬರು ಅದೇ ಖಾತೆ ತೆರೆದು ಓದುತ್ತಾರೆ. ಪತ್ರ ಎಲ್ಲಿಗೂ ಹೋಗಲೇ ಇಲ್ಲವಲ್ಲ, ಹಾಗಾಗಿ ಸಿಕ್ಕಿಬೀಳುವುದಿಲ್ಲ ಎಂಬ ನಂಬಿಕೆ. ಹತ್ತಾರು ವರ್ಷ ಮೇಲ್ ಸರ್ವರ್ ನೋಡಿಕೊಂಡವನಾಗಿ ಹೇಳುತ್ತೇನೆ, ಡ್ರಾಫ್ಟ್ ಉಳಿಸಿದ ಕ್ಷಣವೇ ಅದು ನಿಮ್ಮ ಕೈಬಿಟ್ಟು ಬೇರೆಯವರ ಯಂತ್ರದಲ್ಲಿ ಹೋಗಿ ಕೂತಿರುತ್ತದೆ. ಕಳುಹಿಸಿದ್ದು ಬೇರೆ, ಕಳುಹಿಸದ್ದು ಬೇರೆ ಎಂಬ ಭೇದ ಬರೆದವರಿಗೆ ಇದ್ದಷ್ಟು ಸರ್ವರ್‌ಗೆ ಇಲ್ಲ.

ಆ ಖಾತೆಯ ಇನ್ನೊಂದು ತುದಿಯಲ್ಲಿ ಇದ್ದವರು ಸಿಐಎ ನಿರ್ದೇಶಕ ಎಂಬುದು ಗೊತ್ತಾದಾಗ ತನಿಖೆಯವರಿಗೇ ದಿಗಿಲಾಗಿರಬೇಕು. ಅಧ್ಯಕ್ಷೀಯ ಚುನಾವಣೆ ನಡೆದ ನವೆಂಬರ್ 6ರ ಸಂಜೆ ಎಫ್‌ಬಿಐ ಈ ವಿಷಯವನ್ನು ರಾಷ್ಟ್ರೀಯ ಗುಪ್ತಚರ ನಿರ್ದೇಶಕ ಜೇಮ್ಸ್ ಕ್ಲ್ಯಾಪರ್ ಅವರಿಗೆ ತಿಳಿಸಿತು. ಅವರು ಪೆಟ್ರೇಯಸ್‌ಗೆ ಫೋನ್ ಮಾಡಿ ರಾಜೀನಾಮೆ ಕೊಡುವುದು ಒಳ್ಳೆಯದು ಎಂದರು. ಮೂರು ದಿನಗಳಲ್ಲಿ ಎಲ್ಲ ಮುಗಿಯಿತು. 37 ವರ್ಷ ಸಂಸಾರ ಮಾಡಿದವನು ತೀರಾ ಅವಿವೇಕದಿಂದ ನಡೆದುಕೊಂಡೆ, ಗಂಡನಾಗಿಯೂ ಸಂಸ್ಥೆಯ ಮುಖ್ಯಸ್ಥನಾಗಿಯೂ ಅದು ಒಪ್ಪುವಂಥದ್ದಲ್ಲ ಎಂಬ ಅರ್ಥದ ಪತ್ರ ಬರೆದು ಪೆಟ್ರೇಯಸ್ ಹೊರನಡೆದರು.

ಬಾಗಿಲು ಒಮ್ಮೆ ತೆರೆದ ಮೇಲೆ ಅಲ್ಲಿಗೇ ನಿಲ್ಲಲಿಲ್ಲ. ಟ್ಯಾಂಪಾದ ಆ ಮಹಿಳೆ ಮತ್ತು ಅಫ್ಘಾನಿಸ್ತಾನದಲ್ಲಿ ಪೆಟ್ರೇಯಸ್ ನಂತರ ಬಂದ ಜನರಲ್ ಜಾನ್ ಅಲೆನ್ ನಡುವಿನ ಪತ್ರಗಳೂ ಹೊರಬಂದವು. 20 ಸಾವಿರದಿಂದ 30 ಸಾವಿರ ಪುಟಗಳಷ್ಟು ಕಾಗದ ಪರಿಶೀಲನೆಯಲ್ಲಿದೆ ಎಂದು ಪೆಂಟಗನ್ ಹೇಳಿತು. 2013ರ ಜನವರಿಯಲ್ಲಿ ಅಲೆನ್ ಅವರದ್ದೇನೂ ತಪ್ಪಿಲ್ಲ ಎಂದು ತೀರ್ಮಾನವಾಯಿತು. ಅಷ್ಟರಲ್ಲಿ ಅವರ ಹೆಸರಿಗೆ ಮೆತ್ತಬೇಕಾದ ಕೆಸರು ಮೆತ್ತಿ ಆಗಿತ್ತು.

ಗಿಳಿ, ಗೊರವಂಕ ಮತ್ತು ಗೂಢಚಾರ

ಸಾಮಾನ್ಯ ಅಧಿಕಾರಿಗೆ ಇಂಥ ಸಂಬಂಧವಿದ್ದರೆ ಅದು ಅವನ ಮನೆಯ ವಿಷಯ. ಗುಪ್ತಚರ ಸಂಸ್ಥೆಯವನಿಗೆ ಇದ್ದರೆ ಯಾಕೆ ದೇಶದ ವಿಷಯ ಆಗಬೇಕು? ಪ್ರಶ್ನೆ ನ್ಯಾಯವೇ. ಉತ್ತರ ಹಳೆಯದು.

ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ತಾಳೆಗರಿಗಳ ನಡುವೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿ ಜಗತ್ತಿಗೆ ಕೊಟ್ಟವರು ನಮ್ಮ ಆರ್. ಶಾಮಶಾಸ್ತ್ರಿಗಳು. ಅದರಲ್ಲಿ ರಾಜನ ಮಂತ್ರಾಲೋಚನೆ ಹೇಗಿರಬೇಕು ಎಂಬ ಭಾಗ ಇದೆ. ಹಕ್ಕಿಗಳೂ ಇಣುಕಲಾಗದ ಜಾಗದಲ್ಲಿ ಮಾತಾಡಬೇಕು, ಗಿಳಿ ಗೊರವಂಕಗಳಿಂದಲೂ ಗುಟ್ಟು ಒಡೆದದ್ದುಂಟು ಎಂದು ಕೌಟಿಲ್ಯ ಎಚ್ಚರಿಸುತ್ತಾನೆ. ಗುಟ್ಟು ಸೋರುವುದು ಯಾವುದರಿಂದ ಎಂಬುದಕ್ಕೆ ಒಂದು ಪಟ್ಟಿಯನ್ನೂ ಕೊಡುತ್ತಾನೆ: ಅಜಾಗ್ರತೆ, ಅಮಲು, ನಿದ್ದೆಯ ಕನವರಿಕೆ, ಕಾಮ. ಪೆಟ್ರೇಯಸ್ ಪ್ರಕರಣದಲ್ಲಿ ಮೊದಲನೆಯದೂ ಕೊನೆಯದೂ ಜೊತೆಯಾಗಿದ್ದವು.

ಅಡಗಿಸಿಡಬೇಕಾದ ಸಂಬಂಧ ಇರುವವನನ್ನು ಇನ್ನೊಬ್ಬರು ಅದನ್ನೇ ತೋರಿಸಿ ಹೆದರಿಸಬಹುದು. ನಮಗೆ ದೂರದ ಉದಾಹರಣೆ ಬೇಡ. 2019ರ ಡಿಸೆಂಬರಿನಲ್ಲಿ ಪಾಕಿಸ್ತಾನಕ್ಕೆ ಮಾಹಿತಿ ಕೊಟ್ಟ ಆರೋಪದ ಮೇಲೆ ನೌಕಾಪಡೆಯ ಸಿಬ್ಬಂದಿಯನ್ನು ಬಂಧಿಸಿದಾಗ ಕೇಳಿಬಂದ ಊರುಗಳು ವಿಶಾಖಪಟ್ಟಣ, ಮುಂಬಯಿ ಮತ್ತು ನಮ್ಮ ಕಾರವಾರ. ಫೇಸ್‌ಬುಕ್‌ನಲ್ಲಿ ಹೆಂಗಸರ ಹೆಸರಿನಲ್ಲಿ ಪರಿಚಯ ಮಾಡಿಕೊಂಡು ಬಲೆಗೆ ಕೆಡವಿದರು ಎಂದು ತನಿಖೆಯವರು ಹೇಳಿದರು. ಆ ತಿಂಗಳೇ ನೌಕಾಪಡೆ ತನ್ನ ನೆಲೆಗಳಲ್ಲಿ ಮತ್ತು ಹಡಗುಗಳಲ್ಲಿ ಸ್ಮಾರ್ಟ್‌ಫೋನ್ ನಿಷೇಧಿಸಿತು. 2023ರ ಮೇ ತಿಂಗಳಲ್ಲಿ ಪುಣೆಯ ಡಿಆರ್‌ಡಿಒ ಹಿರಿಯ ವಿಜ್ಞಾನಿಯೊಬ್ಬರನ್ನು ಮಹಾರಾಷ್ಟ್ರದ ಭಯೋತ್ಪಾದನಾ ನಿಗ್ರಹ ದಳ ಬಂಧಿಸಿದ್ದೂ ಇಂಥದ್ದೇ ಆರೋಪದ ಮೇಲೆ.

ಆದ್ದರಿಂದ ಗುಪ್ತಚರ ಮುಖ್ಯಸ್ಥನ ವಿವಾಹೇತರ ಸಂಬಂಧ ಕೇವಲ ಶಯನಗೃಹದ ಸಂಗತಿ ಅಲ್ಲ ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಪೆಟ್ರೇಯಸ್ ವಿಷಯದಲ್ಲಿ ಯಾರೂ ಅವರನ್ನು ಹೆದರಿಸಿರಲಿಲ್ಲ. ಅವರು ಮಾಡಿದ ಹೆಚ್ಚಿನ ತಪ್ಪು ಬೇರೆಯೇ ಇತ್ತು.

ಎಂಟು ಕಪ್ಪು ಪುಸ್ತಕಗಳು

ನಾವು ನಕ್ಕು ಮರೆತ ಮೇಲೆ ಹೊರಬಂದ ಅರ್ಧ ಕಥೆ ಇದು.

ಅಫ್ಘಾನಿಸ್ತಾನದಲ್ಲಿದ್ದಾಗ ಪೆಟ್ರೇಯಸ್ ಕಪ್ಪು ರಟ್ಟಿನ ಪುಸ್ತಕಗಳಲ್ಲಿ ತಮ್ಮ ಕೈಯಾರೆ ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ಅಂಥ ಎಂಟು ಪುಸ್ತಕಗಳಿದ್ದವು. ಗುಪ್ತ ಅಧಿಕಾರಿಗಳ ಗುರುತು, ಯುದ್ಧತಂತ್ರ, ಸಂಕೇತಪದಗಳು, ಅಧ್ಯಕ್ಷರೊಡನೆ ಆಡಿದ ಮಾತು ಎಲ್ಲ ಅದರಲ್ಲಿತ್ತು. ಬೀಗ ಹಾಕಿ ಸರ್ಕಾರದ ಸುಪರ್ದಿಯಲ್ಲಿ ಇಡಬೇಕಾದ ಆ ಪುಸ್ತಕಗಳನ್ನು 2011ರ ಆಗಸ್ಟ್‌ನಲ್ಲಿ, ಸಿಐಎ ಸೇರುವ ಕೆಲವೇ ದಿನ ಮೊದಲು, ಅವರು ಬ್ರಾಡ್‌ವೆಲ್‌ಗೆ ಓದಲು ಕೊಟ್ಟರು. ಕೆಲವು ದಿನ ಕಳೆದು ವಾಪಸ್ ತಂದು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಅದರಲ್ಲಿನ ರಹಸ್ಯಗಳು ಆಕೆ ಬರೆದ ಪುಸ್ತಕದಲ್ಲಿ ಅಚ್ಚಾಗಲಿಲ್ಲ ಎಂಬುದು ನಿಜ. ಆದರೂ ಕೊಡಬಾರದ್ದನ್ನು ಕೊಟ್ಟದ್ದು ಕೊಟ್ಟದ್ದೇ.

2012ರ ಅಕ್ಟೋಬರ್ 26ರಂದು ಎಫ್‌ಬಿಐ ಅಧಿಕಾರಿಗಳು ಸಿಐಎ ಕಚೇರಿಗೇ ಬಂದು ಕೇಳಿದಾಗ, ಆಕೆಗೆ ಯಾವ ರಹಸ್ಯ ಮಾಹಿತಿಯನ್ನೂ ಕೊಟ್ಟಿಲ್ಲ ಎಂದರು. ಸುಳ್ಳು. ರಾಜೀನಾಮೆ ಕೊಟ್ಟು ಹೋಗುವಾಗ ನನ್ನ ಬಳಿ ರಹಸ್ಯ ದಾಖಲೆ ಯಾವುದೂ ಇಲ್ಲ ಎಂಬ ಕಾಗದಕ್ಕೆ ಸಹಿ ಹಾಕಿದರು. ಅದೂ ಸುಳ್ಳು. 2013ರ ಏಪ್ರಿಲ್‌ನಲ್ಲಿ ಮನೆ ಶೋಧಿಸಿದಾಗ ಆ ಪುಸ್ತಕಗಳು ಓದುವ ಕೋಣೆಯ ಮೇಜಿನ ಬೀಗವಿಲ್ಲದ ಡ್ರಾಯರಿನಲ್ಲಿ ಸಿಕ್ಕವು.

2015ರಲ್ಲಿ ಅವರು ತಪ್ಪೊಪ್ಪಿಕೊಂಡರು. ಸುಳ್ಳು ಹೇಳಿದ್ದಕ್ಕೆ ಮೊಕದ್ದಮೆ ಆಗಲಿಲ್ಲ. ರಹಸ್ಯ ದಾಖಲೆಗಳನ್ನು ಅಕ್ರಮವಾಗಿ ಇಟ್ಟುಕೊಂಡ ಸಣ್ಣ ಅಪರಾಧ ಮಾತ್ರ ಹೊರಿಸಿದರು. ಏಪ್ರಿಲ್ 23ರಂದು ಷಾರ್ಲೆಟ್ ನಗರದ ನ್ಯಾಯಾಲಯ ಎರಡು ವರ್ಷ ಪ್ರೊಬೇಷನ್ ಮತ್ತು 1 ಲಕ್ಷ ಡಾಲರ್ ದಂಡ ವಿಧಿಸಿತು. ಎರಡೂ ಕಡೆಯವರು ಒಪ್ಪಿಕೊಂಡು ಬಂದಿದ್ದ ದಂಡ 40 ಸಾವಿರ. ಅಪರಾಧದ ಗಾಂಭೀರ್ಯ ನೋಡಿ ನ್ಯಾಯಾಧೀಶರೇ ಅದನ್ನು ಏರಿಸಿದರು. ಜೈಲು ಇಲ್ಲ.

ಈಗ ನೀವೇ ತೂಗಿ ನೋಡಿ. ಸಂಬಂಧಕ್ಕಾಗಿ ಅವರು ಕೆಲಸ ಕಳೆದುಕೊಂಡರು, ಲೋಕವೆಲ್ಲ ನಕ್ಕಿತು. ದೇಶದ ಗುಟ್ಟಿನ ಪುಸ್ತಕ ಕೊಟ್ಟು ತನಿಖೆಯವರಿಗೆ ಸುಳ್ಳು ಹೇಳಿದ್ದಕ್ಕೆ ದಂಡ ಕಟ್ಟಿ ಮನೆಗೆ ಹೋದರು. ಯಾರನ್ನಾದರೂ ಕೇಳಿ, ಪೆಟ್ರೇಯಸ್ ಎಂದರೆ ಆ ಸಂಬಂಧ ನೆನಪಿರುತ್ತದೆ, ಎಂಟು ಪುಸ್ತಕ ನೆನಪಿರುವುದಿಲ್ಲ. ಹೆಂಡತಿಗೆ ಮಾಡಿದ ದ್ರೋಹಕ್ಕೆ ಕ್ಷಮಿಸುವ ಅಥವಾ ಕ್ಷಮಿಸದಿರುವ ಹಕ್ಕು ಹಾಲಿಯವರದು. ಸೈನಿಕರ ಕುಟುಂಬಗಳು ಸಾಲದ ಮೋಸಕ್ಕೆ ಸಿಲುಕದಂತೆ ನೋಡಿಕೊಳ್ಳುವ ಸರ್ಕಾರಿ ಹುದ್ದೆಯಲ್ಲಿ ಆಕೆ ತಾವೇ ದುಡಿಯುತ್ತಿದ್ದರು. ಆ ಹಕ್ಕನ್ನು ಲೋಕ ತಾನು ಕಿತ್ತುಕೊಂಡಿತು. ತಾನು ಕೇಳಬೇಕಾದದ್ದನ್ನು ಕೇಳಲಿಲ್ಲ.

ಬೆಲೆ ತೆತ್ತವರು ಯಾರು?

2013ರಲ್ಲೇ ಪೆಟ್ರೇಯಸ್ ನ್ಯೂಯಾರ್ಕಿನ ದೊಡ್ಡ ಹೂಡಿಕೆ ಸಂಸ್ಥೆ ಕೆಕೆಆರ್ ಸೇರಿದರು. 2016ರ ಕೊನೆಗೆ ಟ್ರಂಪ್ ಅವರ ಮೊದಲ ಸಂಪುಟದಲ್ಲಿ ವಿದೇಶಾಂಗ ಸಚಿವರ ಹುದ್ದೆಗೆ ಅವರ ಹೆಸರೂ ಕೇಳಿಬಂತು. ಇತ್ತ ಬ್ರಾಡ್‌ವೆಲ್ ಮೇಲೆ ಅನಾಮಧೇಯ ಮೇಲ್‌ಗಳಿಗಾಗಿ ಮೊಕದ್ದಮೆ ಹೂಡುವುದಿಲ್ಲ ಎಂದು 2012ರ ಡಿಸೆಂಬರಿನಲ್ಲೇ ಸರ್ಕಾರ ತಿಳಿಸಿತ್ತು. ಆದರೂ ಸೇನೆಯಲ್ಲಿ ಸಿಗಬೇಕಿದ್ದ ಲೆಫ್ಟಿನೆಂಟ್ ಕರ್ನಲ್ ಬಡ್ತಿ ರದ್ದಾಯಿತು. ಪುಸ್ತಕ ಬರೆದವಳು ಎಂಬ ಗುರುತು ಅಳಿಸಿ ಬೇರೊಂದು ಗುರುತು ಅಂಟಿಕೊಂಡಿತು. ನನ್ನನ್ನು ಕರೆಯುವ ಆ ಪದಕ್ಕೆ ಗಂಡಸಿನ ರೂಪ ಯಾಕಿಲ್ಲ ಎಂದು ಆಕೆ ಆಮೇಲೆ ಸಾರ್ವಜನಿಕವಾಗಿ ಕೇಳಿದರು.

ನಮ್ಮ ಕನ್ನಡದಲ್ಲಿ ಮಾತ್ರ ಏನು ಭಿನ್ನ? 'ಇಟ್ಟುಕೊಂಡವಳು' ಇದ್ದಾಳೆ. ಅವನನ್ನು ಕರೆಯಲು ಅಷ್ಟೇ ಚುಚ್ಚುವ ಒಂದು ಪದ ಹುಡುಕಿ ನೋಡಿ. ನಮ್ಮ ಪತ್ರಿಕೆಗಳು ಇಂದಿಗೂ 'ಅಕ್ರಮ ಸಂಬಂಧ' ಎಂದು ಬರೆಯುತ್ತವೆ. ಕ್ರಮ ತಪ್ಪಿದ್ದು ಹೌದೋ ಅಲ್ಲವೋ ಎಂಬುದು ಆ ಮನೆಯವರಿಗೆ ಬಿಟ್ಟದ್ದು. ಕಾನೂನಿನ ಪ್ರಕಾರ ಮಾತ್ರ ಅದು ಈಗ ಅಪರಾಧವಲ್ಲ.

2018ರ ಸೆಪ್ಟೆಂಬರ್ 27ರಂದು ನಮ್ಮ ಸುಪ್ರೀಂ ಕೋರ್ಟ್ ಜೋಸೆಫ್ ಶೈನ್ ಪ್ರಕರಣದಲ್ಲಿ ದಂಡ ಸಂಹಿತೆಯ 497ನೇ ಕಲಮನ್ನು ರದ್ದು ಮಾಡಿತು. ಆ ಕಲಮಿನ ವಿಚಿತ್ರ ನೋಡಿ. ಇನ್ನೊಬ್ಬನ ಹೆಂಡತಿಯೊಡನೆ ಆ ಗಂಡನ ಒಪ್ಪಿಗೆಯಿಲ್ಲದೆ ಸಂಬಂಧ ಇಟ್ಟುಕೊಂಡ ಗಂಡಸಿಗೆ ಐದು ವರ್ಷದವರೆಗೆ ಜೈಲು. ಗಂಡ ಒಪ್ಪಿದ್ದರೆ ಅಪರಾಧವೇ ಇಲ್ಲ! ಹೆಣ್ಣನ್ನು ಗಂಡನ ಸೊತ್ತಿನಂತೆ ಕಂಡ ಕಾನೂನು ಅದು. 1985ರಲ್ಲಿ ಆ ಕಲಮನ್ನು ಎತ್ತಿ ಹಿಡಿದಿದ್ದ ಪೀಠದಲ್ಲಿ ವೈ. ವಿ. ಚಂದ್ರಚೂಡ್ ಇದ್ದರು, ಅದನ್ನು ರದ್ದು ಮಾಡಿದ ಪೀಠದಲ್ಲಿ ಅವರ ಮಗ ಡಿ. ವೈ. ಚಂದ್ರಚೂಡ್ ಇದ್ದರು. ವಿವಾಹೇತರ ಸಂಬಂಧ ವಿಚ್ಛೇದನಕ್ಕೆ ಕಾರಣವಾಗಿ ಉಳಿದಿದೆ. ಸೇನೆಯಲ್ಲಿ ಶಿಸ್ತುಕ್ರಮಕ್ಕೂ ಅಡ್ಡಿಯಿಲ್ಲ ಎಂದು 2023ರ ಜನವರಿಯಲ್ಲಿ ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು. ಸರ್ಕಾರಿ ನೌಕರರಿಗೆ 'ಹುದ್ದೆಗೆ ತಕ್ಕುದಲ್ಲದ ನಡತೆ' ಎಂಬ ನಿಯಮ ಇದ್ದೇ ಇದೆ.

497 ಬೀಳುವ ಒಂದು ವರ್ಷ ಮೊದಲು, 2017ರ ಆಗಸ್ಟ್ 24ರಂದು, ಅದಕ್ಕಿಂತ ದೊಡ್ಡ ತೀರ್ಪೊಂದು ಬಂದಿತ್ತು. ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ ತೀರ್ಪು. ಅದು ದೇಶದುದ್ದಕ್ಕೂ ಗುರುತಾಗುವುದು ಒಬ್ಬ ಕನ್ನಡಿಗರ ಹೆಸರಿನಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರು. ಅವರು ಅರ್ಜಿ ಹಾಕಿದ್ದು 2012ರಲ್ಲಿ. ನಾವು ಕ್ಯಾಂಟೀನಿನಲ್ಲಿ ಪೆಟ್ರೇಯಸ್ ಕಥೆಗೆ ನಗುತ್ತಿದ್ದ ಅದೇ ವರ್ಷ. 2024ರಲ್ಲಿ ತಮ್ಮ 98ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅಷ್ಟು ದೊಡ್ಡ ಹಕ್ಕನ್ನು ಅವರು ಕೊಡಿಸಿ ಹೋದರು, ನಾನು ಅದನ್ನು ನನ್ನ ಮೇಜಿನ ಮೇಲೆ ಹೇಗೆ ನಡೆಸಿಕೊಂಡೆ ಎಂಬುದೇ ಕೊನೆಯಲ್ಲಿ ಹೇಳುತ್ತೇನೆಂದ ಮಾತು.

ನನ್ನ ಮೇಜಿನ ಮೇಲೆ ಬಂದ ಫೋಲ್ಡರ್

ಕೆಲವು ವರ್ಷಗಳ ಹಿಂದೆ, ಈಗಿನದಲ್ಲದ ಒಂದು ಕಂಪನಿಯಲ್ಲಿ, ನಮ್ಮ ಟೆಂಡರಿನ ದರ ಪ್ರತಿಸ್ಪರ್ಧಿಗೆ ಮೊದಲೇ ತಿಳಿದಿದೆ ಎಂಬ ಅನುಮಾನ ಬಂತು. ಒಬ್ಬ ಟೀಮ್ ಲೀಡ್ ಮೇಲೆ ಕಣ್ಣು. ಅವರ ಆರು ತಿಂಗಳ ಮೇಲ್ ತೆಗೆದು ದರ ಹೊರಗೆ ಹೋಗಿದೆಯೇ ನೋಡಿ ಎಂದು ಮೇಲಿನವರು ನನಗೆ ಹೇಳಿದರು. ಕಂಪನಿಯ ಮೇಲ್ ಕಂಪನಿಯದ್ದೇ, ನೋಡುವ ಅಧಿಕಾರ ಇದೆ ಎಂಬ ಕಾಗದಕ್ಕೆ ಎಲ್ಲ ನೌಕರರೂ ಸೇರುವಾಗಲೇ ಸಹಿ ಹಾಕಿರುತ್ತಾರೆ. ನೀವೂ ಹಾಕಿರುತ್ತೀರಿ.

ನಾನು ಹುಡುಕಿದೆ. ದರ ಎಲ್ಲೂ ಹೊರಗೆ ಹೋಗಿರಲಿಲ್ಲ. ಆದರೆ ಅದೇ ಮಹಡಿಯಲ್ಲಿದ್ದ ಒಬ್ಬ ಸಹೋದ್ಯೋಗಿ ಮಹಿಳೆಗೆ ಅವರು ಬರೆದ, ಆಕೆ ಅವರಿಗೆ ಬರೆದ ಪತ್ರಗಳಿದ್ದವು. ಇಬ್ಬರಿಗೂ ಬೇರೆ ಬೇರೆ ಸಂಸಾರ ಇತ್ತು. ನಾಲ್ಕೈದು ಸಾಲು ಓದುವುದರಲ್ಲಿ ಇದು ನಾನು ಓದಬಾರದ್ದು ಎಂದು ತಿಳಿಯಿತು.

'ದರ ಸೋರಿಕೆಯಾಗಿಲ್ಲ' ಎಂದು ಒಂದು ಸಾಲಿನ ವರದಿ ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. ನಾನು ಹಾಗೆ ಮಾಡಲಿಲ್ಲ. ಏನಾದರೂ ಬಿಟ್ಟೆ ಅನ್ನಿಸಿಕೊಳ್ಳುವುದು ಬೇಡ ಎಂದು ಇಡೀ ಫೋಲ್ಡರನ್ನೇ ಕಾಪಿ ಮಾಡಿ ಕೊಟ್ಟೆ. ಒಂದೇ ವಾರದಲ್ಲಿ ವಿಷಯ ಮಹಡಿಯಿಡೀ ಹಬ್ಬಿತು. ಯಾರು ಹಬ್ಬಿಸಿದರೋ ಗೊತ್ತಿಲ್ಲ. ಆಕೆ ಲಿಫ್ಟಿನೊಳಗೆ ಬಂದರೆ ಮಾತು ನಿಲ್ಲುತ್ತಿತ್ತು. ತಿಂಗಳೊಳಗೆ ಕೆಲಸ ಬಿಟ್ಟರು. ಆತನನ್ನು ಬೇರೆ ಪ್ರಾಜೆಕ್ಟಿಗೆ ಹಾಕಿದರು, ಅಷ್ಟೇ. ದರ ಸೋರಿದ್ದು ಎಲ್ಲಿಂದ ಎಂಬುದನ್ನು ಆಮೇಲೆ ಯಾರೂ ಹುಡುಕಲಿಲ್ಲ. ಹೊಸ ಕಥೆ ಸಿಕ್ಕಿತ್ತಲ್ಲ.

ಆ ರಾತ್ರಿ ದಹಿಸರಿಗೆ ಬಂದು ಊಟಕ್ಕೆ ಕುಳಿತಾಗ ಹೆಂಡತಿಗೆ ಹೇಳಿದೆ. ನನ್ನದೇನೂ ತಪ್ಪಿಲ್ಲ, ಹೇಳಿದ ಕೆಲಸ ಮಾಡಿದೆ ಎಂಬ ಧಾಟಿಯಲ್ಲೇ ಹೇಳಿದೆ. ಅವಳು ಸಾರು ಬಡಿಸುತ್ತ, "ಅವರು ನಿಮ್ಮ ಹತ್ರ ಕೇಳಿದ್ದು ಎಂತ? ನೀವು ಕೊಟ್ಟದ್ದು ಎಂತ?" ಎಂದಳು. ಅದಕ್ಕೆ ಉತ್ತರ ನನ್ನ ಬಳಿ ಇರಲಿಲ್ಲ. ಈಗಲೂ ಇಲ್ಲ.

ಪೆಟ್ರೇಯಸ್ ಪ್ರಕರಣದ ಬಗ್ಗೆ ಮತ್ತೆ ಓದತೊಡಗಿದ್ದು ಆಮೇಲೆ. ಅಲ್ಲಿ ಹುಡುಕಲು ಹೊರಟದ್ದು ಬೆದರಿಕೆ ಪತ್ರ ಬರೆದವರನ್ನು. ಸಿಕ್ಕಿದ್ದು ಸಂಬಂಧ. ಆದರೆ ಅಲ್ಲಿ ಹುಡುಕಾಟ ಮುಂದುವರಿದು ಬಚ್ಚಿಟ್ಟ ಪುಸ್ತಕ, ಹೇಳಿದ ಸುಳ್ಳು ಕೂಡ ಹೊರಬಂತು. ನ್ಯಾಯಾಲಯದವರೆಗೆ ಹೋಯಿತು. ನನ್ನ ಕಥೆಯಲ್ಲಿ ಅದೂ ಇಲ್ಲ. ಕೇವಲ ಒಬ್ಬ ಹೆಂಗಸಿನ ಕೆಲಸ ಹೋಯಿತು.

ಅಂದಿನಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ. ಯಾರದೇ ಮೇಲ್ ತೆಗೆಯಬೇಕೆಂದರೆ ಏನು ಬೇಕು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಯಾಕೆ ಎಂದು ಬರೆದು ಕೊಡಿ ಅನ್ನುತ್ತೇನೆ. ಬರೆದಷ್ಟನ್ನೇ ತೆಗೆಯುತ್ತೇನೆ. ಬೇರೇನಾದರೂ ಕಣ್ಣಿಗೆ ಬಿದ್ದರೆ, ಅದು ಕಂಪನಿಗೆ ಮಾಡಿದ ಮೋಸ ಅಲ್ಲದಿದ್ದರೆ, ಅಲ್ಲಿಯೇ ಬಿಡುತ್ತೇನೆ. ಇದರಿಂದ ಒಂದೆರಡು ಸಲ ಬೈಸಿಕೊಂಡದ್ದೂ ಇದೆ. ನಮ್ಮಂಥ ಸಾವಿರಾರು ಕನ್ನಡದ ಹುಡುಗ ಹುಡುಗಿಯರು ಇವತ್ತು ಈ ಊರಿನ ಬ್ಯಾಂಕು, ಆಸ್ಪತ್ರೆ, ಕಂಪನಿಗಳ ಸರ್ವರ್‌ಗಳ ಕೀಲಿ ಹಿಡಿದುಕೊಂಡು ಕೂತಿದ್ದಾರೆ. ಅವರಿಗಾಗಿಯೇ ಇದನ್ನು ಬರೆದೆ.

ದಹಿಸರ್ ಪೂರ್ವದಿಂದ ಗುಂದವಲಿಯವರೆಗೆ ದಿನಾ ಬೆಳಿಗ್ಗೆ ಮೆಟ್ರೋದಲ್ಲಿ ನಿಂತು ಹೋಗುತ್ತೇನೆ. ಗರ್ದಿಯಲ್ಲಿ ಪಕ್ಕದವರ ಫೋನ್ ನಮ್ಮ ಮೂಗಿನ ಕೆಳಗೇ ಇರುತ್ತದೆ. ಯಾರೋ ಯಾರಿಗೋ ಏನೋ ಬರೆಯುತ್ತಿರುತ್ತಾರೆ. ಬೇಡವೆಂದರೂ ಒಂದೆರಡು ಪದ ಕಣ್ಣಿಗೆ ಬೀಳುತ್ತದೆ. ಆಗ ಈ ಊರಿನ ಜನ ಮುಖ ತಿರುಗಿಸಿ ಕಿಟಕಿಯಾಚೆ ನೋಡುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ. ಇಷ್ಟು ಇಕ್ಕಟ್ಟಿನಲ್ಲಿ ಬಾಳಬೇಕಾದರೆ ಅದೊಂದು ಮರ್ಯಾದೆ ಬೇಕು ಎಂದು ಎಲ್ಲರಿಗೂ ಗೊತ್ತಿದೆ. ನನಗೂ ಗೊತ್ತಿತ್ತು. ಆಫೀಸಿನ ಮೇಜಿನ ಮುಂದೆ ಕುಳಿತಾಗ ಮಾತ್ರ ಮರೆತಿದ್ದೆ.